ಹೆಗಲ ಮೇಲಿನ ಗಂಟು ಹೋಗುತ್ತೆ, ಮತ್ತೆ ಬರುತ್ತೆ: ಸೂಜಿ ಚುಚ್ಚಿಸಿಕೊಳ್ಳಲೇ?

ಪ್ರಶ್ನೆ: ನನಗೆ 43 ವರ್ಷ, ಊರು ದಾವಣಗೆರೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚಿ ಕುಚ್ಚು ಕಟ್ಟಿಕೊಡುತ್ತೇನೆ. 8 ತಿಂಗಳಿಂದ ಬಲಗಡೆ ಕುತ್ತಿಗೆ, ಹೆಗಲು ನೋವು. ಹೆಗಲ ಮೇಲೆ ಕೈಯಾಡಿಸಿದರೆ ಗಂಟಿನಂಥದ್ದು ಸಿಗುತ್ತದೆ. ಅದನ್ನು ಒತ್ತಿದರೆ ನೋವು ಕಿವಿಯ ಹಿಂದಿನಿಂದ ಹಣೆಯ ಪಕ್ಕದವರೆಗೂ ಏರುತ್ತದೆ. ಕೈಗೆ ಜೋಮು ಇಲ್ಲ. ಎಕ್ಸ್‌ರೇ ನೋಡಿ ಸ್ಪಾಂಡಿಲೋಸಿಸ್ ಶುರುವಾಗಿದೆ ಎಂದು ಕಾಲರ್ ಕೊಟ್ಟರು. ಫಿಸಿಯೋಥೆರಪಿಯಲ್ಲಿ 10 ದಿನ ಕರೆಂಟು, ಅಲ್ಟ್ರಾಸೌಂಡ್ ಇಟ್ಟರು. ಸ್ವಲ್ಪ ದಿನ ಚೆನ್ನಾಗಿತ್ತು, ಮದುವೆ ಸೀಸನ್ ಶುರುವಾದ ಕೂಡಲೇ ಮತ್ತೆ ಅದೇ ಕಥೆ. ಈಗ ಇನ್ನೊಬ್ಬ ಫಿಸಿಯೋ ಇದು ಟ್ರಿಗರ್ ಪಾಯಿಂಟ್, ಡ್ರೈ ನೀಡ್ಲಿಂಗ್ ಮಾಡಿದರೆ ಹೋಗುತ್ತದೆ ಅನ್ನುತ್ತಿದ್ದಾರೆ. ನಮ್ಮತ್ತೆ ಇದು ನರ ಗಂಟು ಬಿದ್ದಿರೋದು, ಹಳ್ಳಿಗೆ ಹೋಗಿ ಉಳುಕು ತೆಗೆಸು ಅಂತಾರೆ. ಮಗ ಮಸಾಜ್ ಗನ್ ತರಿಸಿದ್ದಾನೆ. ನನಗೆ ಸೂಜಿ ಅಂದರೇ ಭಯ. ಚುಚ್ಚಿಸಿಕೊಂಡರೆ ಪೂರ್ತಿ ವಾಸಿಯಾಗುತ್ತದೆಯೇ? ಅಥವಾ ಹೊಲಿಗೆಯನ್ನೇ ಬಿಡಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಹೊಲಿಗೆ ಬಿಡಬೇಕಾಗಿಲ್ಲ. ಸೂಜಿಯ ವಿಷಯ ಸ್ವಲ್ಪ ಉದ್ದ. ಚುಚ್ಚಿಸಿಕೊಳ್ಳಬಹುದು, ಚುಚ್ಚಿಸಿಕೊಳ್ಳದೆಯೂ ಗುಣವಾಗಬಹುದು. ಆದರೆ ಬರೀ ಚುಚ್ಚಿಸಿಕೊಂಡು ಬಂದು ಸುಮ್ಮನಾದರೆ ಮುಂದಿನ ಮದುವೆ ಸೀಸನ್ನಿನಲ್ಲಿ ನನಗೆ ಇದೇ ಪತ್ರ ಮತ್ತೆ ಬರೆಯುತ್ತೀರಿ.

ನಿಮ್ಮನ್ನು ಕೈಯಿಂದ ಮುಟ್ಟಿ ನೋಡದೆ ಇದು ಇಂಥದ್ದೇ ಎಂದು ಹೇಳುವುದು ತಪ್ಪು. ಆದರೂ ನೀವು ಬರೆದ ಚಿತ್ರ ನಮಗೆ ತೀರಾ ಪರಿಚಿತ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್ ಎಂಬ ಸ್ನಾಯುವಿನ ಮೇಲ್ಭಾಗ ಬಿಗಿದಾಗ ನೋವು ಕುತ್ತಿಗೆಯ ಪಕ್ಕದಲ್ಲಿ ಹತ್ತಿ, ಕಿವಿಯ ಹಿಂದೆ ಹಾದು, ಹಣೆಯ ಪಕ್ಕಕ್ಕೆ ಬರುತ್ತದೆ. ಎಷ್ಟೋ ಜನ ಇದನ್ನು ಮೈಗ್ರೇನ್ ಎಂದುಕೊಂಡು ವರ್ಷಗಟ್ಟಲೆ ತಲೆನೋವಿನ ಮಾತ್ರೆ ನುಂಗಿರುತ್ತಾರೆ. ಕೈಗೆ ಜೋಮು ಇಲ್ಲ ಎಂದು ನೀವೇ ಬರೆದಿರುವುದು ಸಮಾಧಾನದ ಸಂಗತಿ. ಕೈಯಲ್ಲಿ ಜೋಮು, ಹಿಡಿತ ಸಡಿಲವಾಗಿ ಕತ್ತರಿ ಜಾರುವುದು, ಹುಕ್ ಹಾಕಲು ಬೆರಳು ಸಹಕರಿಸದಿರುವುದು, ನಡೆಯುವಾಗ ತೂರಾಡುವುದು, ಬಿದ್ದ ಮೇಲೆ ಶುರುವಾದ ನೋವು, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆಂದೂ ಬಾರದಂಥ ತಲೆನೋವಿನ ಜೊತೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು ಇವುಗಳಲ್ಲಿ ಒಂದಿದ್ದರೂ ಫಿಸಿಯೋಥೆರಪಿಗೆ ಮುಂಚೆ ವೈದ್ಯರನ್ನು ಕಾಣಬೇಕು. ಎದೆ, ದವಡೆ, ತೋಳಿನ ನೋವಿಗೆ ಬೆವರು ಸೇರಿಕೊಂಡರೆ ನೇರ ಆಸ್ಪತ್ರೆಗೇ ಹೋಗಬೇಕು.

ಈಗ ಎಕ್ಸ್‌ರೇ. ನಿಮ್ಮ ನೋವಿಗಿಂತ ಆ ಸ್ಪಾಂಡಿಲೋಸಿಸ್ (ಅಂದರೆ ಕುತ್ತಿಗೆಯ ಮೂಳೆ, ಡಿಸ್ಕ್ ಸವೆಯುವುದು) ಎಂಬ ಪದವೇ ನಿಮ್ಮನ್ನು ಹೆಚ್ಚು ಹೆದರಿಸಿರುವ ಹಾಗೆ ಕಾಣುತ್ತದೆ. ಜಪಾನಿನಲ್ಲಿ ಕುತ್ತಿಗೆ ನೋವೇ ಇಲ್ಲದ 1211 ಜನರ ಕುತ್ತಿಗೆಯನ್ನು ಎಂಆರ್‌ಐ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇ. 87.6ರಷ್ಟು ಜನರಿಗೆ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ನಾಲ್ವರಲ್ಲಿ ಮೂವರಿಗೆ ಹೀಗೇ ಇತ್ತು. 43ನೇ ವಯಸ್ಸಿಗೆ ಕುತ್ತಿಗೆಯ ಮೂಳೆಯಂಚಿನಲ್ಲಿ ಸ್ವಲ್ಪ ಬದಲಾವಣೆ ಕಾಣುವುದು ತಲೆಯಲ್ಲಿ ನಾಲ್ಕು ಬಿಳಿಕೂದಲು ಕಾಣುವಷ್ಟೇ ಸಹಜ. ಮೂಳೆ ಸವೆದು ಕೆಲವರಿಗೆ ನರ ಒತ್ತಿಕೊಳ್ಳುವುದು ನಿಜ, ಆದರೆ ಆಗ ನೋವು ತೋಳಿನಲ್ಲಿ ಇಳಿಯುತ್ತದೆ, ಬೆರಳು ಜೋಮು ಹಿಡಿಯುತ್ತವೆ. ನಿಮ್ಮ ನೋವು ಮೇಲಕ್ಕೆ ಹತ್ತುತ್ತಿದೆ.

ಕಾಲರ್ ತೆಗೆದಿಡಿ. ಕತ್ತು ಹಿಡಿದು ಅಲ್ಲಾಡಿಸಲಾಗದ ಮೊದಲ ಒಂದೆರಡು ದಿನ ಅದರಿಂದ ಆಸರೆ ಸಿಗುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡರೆ ದುಡಿಯಬೇಕಾದ ಸ್ನಾಯುಗಳು ಇನ್ನಷ್ಟು ಸೋಮಾರಿಯಾಗುತ್ತವೆ. ಕುತ್ತಿಗೆಗೆ ಬೆಲ್ಟ್ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಕೂಡ ನರ ಒತ್ತಿಕೊಂಡ ಕೆಲವರಿಗಷ್ಟೇ. ನಿಮಗೆ ಅದರಿಂದ ಪ್ರಯೋಜನ ಕಾಣೆ.

ನಿಮ್ಮ ಅತ್ತೆಯವರ ಮಾತಿಗೆ ಬರೋಣ. ನರ ಗಂಟು ಬೀಳುವುದಿಲ್ಲ. ಬೆರಳಿಗೆ ಸಿಗುವುದು ಸ್ನಾಯುವಿನೊಳಗೆ ಬಿಗಿದು ನಿಂತ ತಂತುಗಳ ಒಂದು ಪಟ್ಟಿ. ಅದರಲ್ಲಿ ಒಂದು ಜಾಗ ಮಾತ್ರ ವಿಪರೀತ ನೋಯುತ್ತದೆ, ಒತ್ತಿದರೆ ನೋವನ್ನು ದೂರಕ್ಕೂ ಕಳಿಸುತ್ತದೆ. ಅದಕ್ಕೇ ಟ್ರಿಗರ್ ಪಾಯಿಂಟ್ ಎನ್ನುವುದು. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಡಾ. ಜಾನೆಟ್ ಟ್ರಾವೆಲ್. ಬೆನ್ನುನೋವಿನಿಂದ ಒದ್ದಾಡುತ್ತಿದ್ದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದವರು. ಅವರೂ ಡೇವಿಡ್ ಸೈಮನ್ಸ್ ಅವರೂ ಸೇರಿ 1983ರಲ್ಲಿ ತಂದ ಕೈಪಿಡಿಯಲ್ಲಿ ಯಾವ ಸ್ನಾಯುವಿನ ನೋವು ಎಲ್ಲಿಗೆ ಹರಿಯುತ್ತದೆ ಎಂಬ ನಕ್ಷೆಗಳಿವೆ. ಇಂದಿಗೂ ನಮ್ಮ ಫಿಸಿಯೋ ಕ್ಲಿನಿಕ್ಕುಗಳ ಗೋಡೆಯ ಮೇಲೆ ತೂಗುವ ಚಿತ್ರಗಳ ಮೂಲ ಅದೇ.

ಆ ಜಾಗದಲ್ಲಿ ಆಗುವುದೇನು? ಹೆಚ್ಚು ಜನ ಒಪ್ಪುವ ವಿವರಣೆ ಹೀಗಿದೆ. ನರ ಸ್ನಾಯುವನ್ನು ಮುಟ್ಟುವ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅಗತ್ಯಕ್ಕಿಂತ ಹೆಚ್ಚು ಸೋರಿ, ಅಲ್ಲಿನ ತಂತುಗಳು ಸಂಕುಚಿಸಿದ್ದು ಬಿಚ್ಚಿಕೊಳ್ಳುವುದಿಲ್ಲ. ಸಂಕುಚಿಸಿದ ತಂತು ಪಕ್ಕದ ಸಣ್ಣ ರಕ್ತನಾಳಗಳನ್ನು ಅದುಮುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ವಿಚಿತ್ರವೆಂದರೆ ಸ್ನಾಯು ಸಡಿಲಗೊಳ್ಳಲಿಕ್ಕೂ ಶಕ್ತಿ ಬೇಕು, ಆ ಶಕ್ತಿಗೇ ಅಲ್ಲಿ ಕೊರತೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸೂಕ್ಷ್ಮ ಸೂಜಿಯಿಂದ ಆ ಜಾಗದ ದ್ರವ ತೆಗೆದು ನೋಡಿದಾಗ ನೋವು ಹುಟ್ಟಿಸುವ ರಾಸಾಯನಿಕಗಳು ಹೆಚ್ಚಿದ್ದವು, ಆಮ್ಲೀಯತೆಯೂ ಹೆಚ್ಚಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಈ ಇಡೀ ವಿವರಣೆಯನ್ನು ಪ್ರಶ್ನಿಸುವ ಗಟ್ಟಿ ತಜ್ಞರೂ ಇದ್ದಾರೆ. ಆಸ್ಟ್ರೇಲಿಯಾದ ಜಾನ್ ಕ್ವಿಂಟ್ನರ್ ಮತ್ತು ಸಂಗಡಿಗರು 2015ರಲ್ಲಿ ಟ್ರಿಗರ್ ಪಾಯಿಂಟ್ ಸಿದ್ಧಾಂತವನ್ನೇ ತಳ್ಳಿಹಾಕಿ ಬರೆದರು. ನೋವು ಇರುವುದು ನಿಜ, ಆದರೆ ಅದು ಆ ಗಂಟಿನಿಂದಲೇ ಹುಟ್ಟುತ್ತದೆ ಎನ್ನಲು ಸಾಕ್ಷ್ಯ ಸಾಲದು ಎನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ಒಬ್ಬರನ್ನೇ ಇಬ್ಬರು ಅನುಭವಿ ಫಿಸಿಯೋಗಳು ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಗಂಟು ಇಲ್ಲೇ ಇದೆ ಎಂದು ಒಂದೇ ಜಾಗ ತೋರಿಸುವುದು ಅಪರೂಪ. ಎಕ್ಸ್‌ರೇಯಲ್ಲಿ, ಮಾಮೂಲಿ ಎಂಆರ್‌ಐಯಲ್ಲಿ, ರಕ್ತಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಹಾಗಾಗಿ ನಾನು ಗಂಟು ಹುಡುಕುವುದಕ್ಕಿಂತ ಒಂದು ಜಾಗ ಒತ್ತಿದಾಗ ರೋಗಿ ‘ಹಾಂ, ಇದೇ ನೋವು, ದಿನಾ ಬರೋದು ಇದೇ’ ಎನ್ನುತ್ತಾರಾ ಎಂಬುದಕ್ಕೆ ಬೆಲೆ ಕೊಡುತ್ತೇನೆ. ನೀವು ಆ ಪರೀಕ್ಷೆಯನ್ನು ನಿಮ್ಮ ಬೆರಳಿನಿಂದಲೇ ಮಾಡಿಕೊಂಡುಬಿಟ್ಟಿದ್ದೀರಿ. ಒಂದು ಎಚ್ಚರಿಕೆ: ಕಣ್ಣಿಗೇ ಕಾಣುವ, ನೋವಿಲ್ಲದ, ಗಟ್ಟಿಯಾಗಿ ದಿನೇ ದಿನೇ ದೊಡ್ಡದಾಗುವ ಉಬ್ಬು ಟ್ರಿಗರ್ ಪಾಯಿಂಟ್ ಅಲ್ಲ. ಅದನ್ನು ವೈದ್ಯರಿಗೆ ತೋರಿಸಬೇಕು.

‘ನಾನೇನು ಭಾರ ಹೊರುತ್ತೇನಾ, ಕೂತು ಹೊಲಿಯುತ್ತೇನಷ್ಟೆ’ ಎಂದು ಟೈಲರುಗಳು ನನ್ನ ಬಳಿ ವಾದಿಸುತ್ತಾರೆ. ತೊಂದರೆ ಇರುವುದೇ ಅಲ್ಲಿ. ಸ್ನಾಯುವಿನಲ್ಲಿ ಎಲ್ಲ ತಂತುಗಳೂ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಸಣ್ಣ ತಂತುಗಳು ಮೊದಲು, ಭಾರ ಹೆಚ್ಚಿದರೆ ಮಾತ್ರ ದೊಡ್ಡವು. ಬಟ್ಟೆ ಹಿಡಿದು ತೋಳನ್ನು ಒಂದಿಷ್ಟು ಎತ್ತಿಕೊಂಡೇ ಇರುವ ಹಗುರ ಕೆಲಸದಲ್ಲಿ ದೊಡ್ಡ ತಂತುಗಳಿಗೆ ಕರೆಯೇ ಬರುವುದಿಲ್ಲ. ಮನೆಯ ಸೊಸೆಯ ಹಾಗೆ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಆ ಸಣ್ಣ ತಂತುಗಳೇ ಬೆಳಿಗ್ಗೆಯಿಂದ ರಾತ್ರಿವರೆಗೆ ದುಡಿಯುತ್ತವೆ. ಮಣಭಾರ ಹೊತ್ತು ಇಳಿಸುವ ಹಮಾಲರಿಗೆ ನಡುನಡುವೆ ಸಿಗುವ ಬಿಡುವು ಕುಚ್ಚು ಕಟ್ಟುವವರ ಹೆಗಲಿಗೆ ಸಿಗುವುದಿಲ್ಲ.

ತಲೆ ಬಗ್ಗಿಸಿದರೆ ಕುತ್ತಿಗೆಯ ಮೇಲೆ 27 ಕೆಜಿ ಬೀಳುತ್ತದೆ ಎಂಬ ಚಿತ್ರ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಅದು 2014ರಲ್ಲಿ ಒಬ್ಬ ಶಸ್ತ್ರಚಿಕಿತ್ಸಕರು ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ, ಜನರ ಮೇಲೆ ಅಳೆದದ್ದಲ್ಲ. ಬಗ್ಗಿಸುವುದೇ ಪಾಪವಲ್ಲ. ಬಗ್ಗಿಸಿದ್ದನ್ನು ಎತ್ತದೆ ಗಂಟೆಗಟ್ಟಲೆ ಇರುವುದು ನೋವು ತರುತ್ತದೆ.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ನಿಮ್ಮ ವಯಸ್ಸು ನೋಡಿ ಕೇಳುತ್ತಿದ್ದೇನೆ. ಕಣ್ಣು ತೋರಿಸಿಕೊಂಡಿದ್ದೀರಾ? ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಎಲ್ಲರಿಗೂ ಇಳಿಯುತ್ತದೆ. ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಹೆಮ್ಮಿಂಗ್ ಮಾಡುವಾಗ ಕಾಣದೆ ತಲೆ ತಾನಾಗಿ ಮುಂದೆ ಹೋಗುತ್ತದೆ. ಕನ್ನಡಕವೂ ಮೇಜಿನ ಮೇಲೆ ಒಂದು ಒಳ್ಳೆಯ ದೀಪವೂ ಇಲ್ಲದೆ ಎಷ್ಟೇ ಚಿಕಿತ್ಸೆ ಮಾಡಿದರೂ ಕುತ್ತಿಗೆ ಮತ್ತೆ ಅಲ್ಲೇ ಹೋಗಿ ನಿಲ್ಲುತ್ತದೆ. ಈ ನೋವಿಗೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದಾಗ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ, ಪರವಾಗಿಲ್ಲ. ಮೈಯ ಬೇರೆ ಕಡೆಯೂ ನೋವು, ಸುಸ್ತು ಇದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ ಒಮ್ಮೆ ನೋಡಿಸುವುದು ಒಳ್ಳೆಯದು. ನಿದ್ದೆ ಕೆಟ್ಟರೂ ನೋವು ಹೆಚ್ಚುತ್ತದೆ. ಸೀಸನ್ನಿನಲ್ಲಿ ರಾತ್ರಿ ಎಷ್ಟು ಗಂಟೆಯವರೆಗೆ ಹೊಲಿಯುತ್ತೀರಿ ಎಂದು ನೀವೇ ಲೆಕ್ಕ ಹಾಕಿ.

ಚಿಕಿತ್ಸೆಗಳಿಗೆ ಬರೋಣ. ನಿಮಗೆ ಇಟ್ಟ ಕರೆಂಟು ನೋವಿನ ಸಂಕೇತವನ್ನು ಸ್ವಲ್ಪ ಹೊತ್ತು ಮಂದ ಮಾಡುತ್ತದೆ, ಹಾನಿಯಿಲ್ಲ. ಕುತ್ತಿಗೆ ನೋವಿಗೆ ಅಲ್ಟ್ರಾಸೌಂಡ್‌ನಿಂದ ಹೆಚ್ಚಿನ ಲಾಭ ಇದೆ ಎಂದು ತೋರಿಸುವ ಪುರಾವೆ ದುರ್ಬಲ. ನಮ್ಮಲ್ಲಿ ಅದು ಇಷ್ಟು ಚಾಲ್ತಿಯಲ್ಲಿರುವುದಕ್ಕೆ ಒಂದು ಕಾರಣ, ಮಷಿನ್ ಇಟ್ಟರೆ ಮಾತ್ರ ಟ್ರೀಟ್‌ಮೆಂಟ್ ಆಯಿತು ಎಂದು ರೋಗಿಗಳೂ ನಂಬಿರುವುದು. ಬಿಸಿ ಶಾಖ ಮನೆಯಲ್ಲೇ ಕೊಟ್ಟುಕೊಳ್ಳಬಹುದು. ಬಣ್ಣದ ಟೇಪು ಅಂಟಿಸುವುದರಿಂದ ಕೆಲವರಿಗೆ ಹಿತವೆನಿಸುತ್ತದೆ, ಅಷ್ಟೇ.

ಕೈಯಿಂದ ಮಾಡುವ ಚಿಕಿತ್ಸೆಗೆ ನಾನು ಹೆಚ್ಚು ಒಲವು ತೋರಿಸುತ್ತೇನೆ. ನೋಯುವ ಬಿಂದುವಿನ ಮೇಲೆ ಹೆಬ್ಬೆರಳಿಟ್ಟು, ನೋವು ತಡೆದುಕೊಳ್ಳುವಷ್ಟರ ಮಟ್ಟಿಗೆ ಒತ್ತಿ, 30ರಿಂದ 60 ಸೆಕೆಂಡು ಹಿಡಿಯುತ್ತೇವೆ. ಬೆರಳ ಕೆಳಗೆ ಬಿಗಿ ಸಡಿಲಗೊಳ್ಳುವುದು ಗೊತ್ತಾಗುತ್ತದೆ, ನೋವು ಅರ್ಧಕ್ಕೆ ಇಳಿದಾಗ ಬಿಡುತ್ತೇವೆ. ಹಳಬರು ಕಣ್ಣಲ್ಲಿ ನೀರು ಬರುವ ಹಾಗೆ ಒತ್ತುತ್ತಿದ್ದರು. ಅದು ಬೇಡ. ಉಸಿರು ಬಿಗಿಹಿಡಿಯುವಷ್ಟು ನೋಯಿಸಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಆಮೇಲೆ ಸ್ನಾಯುವನ್ನು ಉದ್ದ ಮಾಡುವ ಕ್ರಮ. ತಲೆಯನ್ನು ಎಡಕ್ಕೆ ವಾಲಿಸಿ, ಫಿಸಿಯೋನ ಕೈಗೆ ಎದುರಾಗಿ ಬಲಕ್ಕೆ ತೀರಾ ಹಗುರವಾಗಿ ತಳ್ಳುತ್ತ 10 ಸೆಕೆಂಡು ಇದ್ದು, ಉಸಿರು ಬಿಡುತ್ತ ಸಡಿಲಬಿಟ್ಟರೆ ತಲೆ ಇನ್ನೂ ಸ್ವಲ್ಪ ವಾಲುತ್ತದೆ. ಹೀಗೆ ಮೂರ್ನಾಲ್ಕು ಸಲ. ಕಲಿತರೆ ಇದನ್ನು ನಿಮ್ಮ ಕೈಯಿಂದಲೇ ಮಾಡಿಕೊಳ್ಳಬಹುದು. ಒತ್ತಡಕ್ಕೆ ಗೋಡೆ ಮತ್ತು ಬೆನ್ನಿನ ನಡುವೆ ಟೆನಿಸ್ ಚೆಂಡು ಸಾಕು, ಆದರೆ ಬೆನ್ನುಮೂಳೆಯ ಮೇಲೆ ಇಡಬೇಡಿ.

ಸೂಜಿ. ಡ್ರೈ ನೀಡ್ಲಿಂಗ್‌ನಲ್ಲಿ ಔಷಧಿ ಇರುವುದಿಲ್ಲ. ಚುಚ್ಚುಮದ್ದಿನ ಸೂಜಿಯ ಹಾಗೆ ಟೊಳ್ಳಲ್ಲ, ಕಾಲು ಮಿಲಿಮೀಟರ್ ಆಸುಪಾಸಿನ ದಪ್ಪದ ತಂತಿಯಂಥದ್ದು. ಅದನ್ನು ಬಿಗಿದ ಜಾಗಕ್ಕೆ ಇಳಿಸಿದಾಗ ಸ್ನಾಯು ಒಮ್ಮೆ ಪಕ್ಕನೆ ಅದುರಿ ಸಡಿಲವಾಗುತ್ತದೆ. ಅಕ್ಯುಪಂಕ್ಚರ್‌ನಲ್ಲೂ ಇದೇ ಬಗೆಯ ಸೂಜಿ, ಆದರೆ ಎಲ್ಲಿ, ಏಕೆ ಚುಚ್ಚಬೇಕು ಎಂಬ ತರ್ಕ ಬೇರೆ. ಮದ್ದಿಲ್ಲದ ಸೂಜಿಯಿಂದಲೇ ನೋವು ಇಳಿಯುತ್ತದೆ ಎಂದು ಪ್ರಾಗ್ ನಗರದ ಡಾ. ಕಾರೆಲ್ ಲೆವಿಟ್ 1979ರಲ್ಲಿ ಬರೆದ ಮೇಲೆ ಇದಕ್ಕೆ ಬಲ ಬಂತು. ಕೆಲವು ವಾರಗಳ ಮಟ್ಟಿಗೆ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕಷ್ಟು ಅಧ್ಯಯನಗಳ ಬೆಂಬಲವಿದೆ. ಆರು ತಿಂಗಳ ನಂತರ ನೋಡಿದರೆ ಕೈಚಿಕಿತ್ಸೆ, ವ್ಯಾಯಾಮ ಮಾಡಿದವರಿಗಿಂತ ಸೂಜಿಯವರು ಮುಂದಿದ್ದಾರೆ ಎನ್ನಲು ಆಧಾರ ಸಾಲದು. ಅಂದರೆ ನಿಮ್ಮ ಸೂಜಿಯ ಭಯದಿಂದ ನೀವು ಕಳೆದುಕೊಳ್ಳುವುದು ಬಹಳವೇನಿಲ್ಲ. ಆ ಭಯವನ್ನು ಫಿಸಿಯೋಗೆ ನೇರವಾಗಿ ಹೇಳಿ. ಹೆದರಿ ಮೈ ಬಿಗಿ ಮಾಡಿಕೊಂಡವರಿಗೆ ಚುಚ್ಚಲು ನಾನಂತೂ ಹೋಗುವುದಿಲ್ಲ.

ಚುಚ್ಚಿಸಿಕೊಂಡ ಮೇಲೆ ಒಂದೆರಡು ದಿನ ಮೈಕೈ ಹಿಂಡಿದಂಥ ನೋವು, ಸಣ್ಣ ರಕ್ತಗಟ್ಟಿದ ಕಲೆ ಸಾಮಾನ್ಯ. ಕೆಲವರಿಗೆ ತಲೆ ತಿರುಗುತ್ತದೆ, ಅದಕ್ಕೇ ಮಲಗಿಸಿಯೇ ಮಾಡಬೇಕು. ಅಪರೂಪದ್ದಾದರೂ ದೊಡ್ಡ ಅಪಾಯ ಒಂದಿದೆ. ಶ್ವಾಸಕೋಶದ ತುದಿ ಹೆಗಲಿನ ಆ ಸ್ನಾಯುವಿನ ಅಡಿಯಲ್ಲಿ, ನಾವು ಅಂದುಕೊಂಡದ್ದಕ್ಕಿಂತ ಮೇಲೆಯೇ ಇದೆ. ಸೂಜಿ ದಾರಿ ತಪ್ಪಿ ಅದಕ್ಕೆ ತಾಗಿದರೆ ಎದೆಗೂಡಿನೊಳಗೆ ಗಾಳಿ ಸೇರಿ ಉಸಿರು ಕಟ್ಟುತ್ತದೆ. ತರಬೇತಿ ಪಡೆದವರು ಸ್ನಾಯುವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಅದರೊಳಗಷ್ಟೇ ಚುಚ್ಚುತ್ತಾರೆ. ಆದ್ದರಿಂದ ಹೋಗುವುದಾದರೆ ನಾಚಿಕೊಳ್ಳದೆ ಕೇಳಿ: ಫಿಸಿಯೋಥೆರಪಿಯ ಪದವಿಗಳಾದ ಬಿಪಿಟಿ ಅಥವಾ ಎಂಪಿಟಿ ಓದಿದ್ದೀರಾ, ನೀಡ್ಲಿಂಗ್‌ಗೆ ಪ್ರತ್ಯೇಕ ತರಬೇತಿ ಎಲ್ಲಿ ಆಯಿತು, ಹೊಸ ಸೂಜಿಯ ಪ್ಯಾಕೆಟ್ಟನ್ನು ನನ್ನ ಎದುರಿಗೇ ಒಡೆಯುತ್ತೀರಾ? ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಮೊದಲೇ ಹೇಳಬೇಕು. ಮನೆಗೆ ಬಂದ ಮೇಲೆ ಉಸಿರೆಳೆದಾಗ ಎದೆ ಚುಚ್ಚಿದರೆ ‘ನಾಳೆ ನೋಡೋಣ’ ಅನ್ನದೆ ಆಸ್ಪತ್ರೆಗೆ ಹೋಗಬೇಕು.

ಮಗ ತಂದ ಮಸಾಜ್ ಗನ್ನನ್ನು ಬಿಸಾಡುವುದು ಬೇಡ. ಹೆಗಲಿನ ದಪ್ಪ ಮಾಂಸದ ಮೇಲೆ, ಅತಿ ಕಡಿಮೆ ವೇಗದಲ್ಲಿ, ಒಂದೆರಡು ನಿಮಿಷ. ಕುತ್ತಿಗೆಯ ಮುಂಭಾಗ, ಪಕ್ಕ, ತಲೆಬುರುಡೆಯ ಬುಡಕ್ಕೆ ಮಾತ್ರ ತಾಗಿಸಲೇಬಾರದು. ಅಲ್ಲಿ ಮಿದುಳಿಗೆ ಹೋಗುವ ರಕ್ತನಾಳಗಳಿವೆ, ಇಂಥ ಯಂತ್ರದಿಂದ ನಾಳದ ಒಳಪದರ ಸೀಳಿದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಇದೇ ಕಾರಣಕ್ಕೆ ಕಟಿಂಗ್ ಶಾಪಿನಲ್ಲಿ ತಲೆ ಮಸಾಜ್ ಮುಗಿಸಿ ಕುತ್ತಿಗೆ ಲಟಕ್ಕನೆ ತಿರುಗಿಸುವುದನ್ನು ನಿಮ್ಮ ಮನೆಯ ಗಂಡಸರೂ ಬಿಡುವುದು ಒಳ್ಳೆಯದು.

ಉಳುಕು ತೆಗೆಸುವ ವಿಷಯ. ಕಾಲು ಮುಂದಾಗಿ ಹುಟ್ಟಿದವರಿಂದ ಮೆಲ್ಲಗೆ ಒದೆಸಿಕೊಂಡರೆ ನಷ್ಟವೇನಿಲ್ಲ. ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ಹಿಡಿದುಕೊಂಡ ಕತ್ತು ಹೇಗೂ ನಾಲ್ಕಾರು ದಿನದಲ್ಲಿ ಬಿಡುತ್ತದೆ, ಆ ಹೆಸರು ಒದ್ದವರಿಗೆ ಹೋಗುತ್ತದೆ. ನಿಮ್ಮದು 8 ತಿಂಗಳ ನೋವು. ಎಣ್ಣೆ ಹಚ್ಚಿ ನೀವಿಸಿಕೊಳ್ಳಿ, ಆದರೆ ಕುತ್ತಿಗೆ ಎಳೆದು ತಿರುಚಲು ಬಂದರೆ ಅತ್ತೆಯವರಿಗೆ ನನ್ನ ಹೆಸರು ಹೇಳಿ ಎದ್ದು ಬನ್ನಿ.

ಕೈಯಿಂದಲೋ ಸೂಜಿಯಿಂದಲೋ ನೋವು ಇಳಿದ ಆ ಎರಡು ಮೂರು ವಾರಗಳಲ್ಲಿ ನೀವೇನು ಮಾಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕಳೆದ ಸಲ ಆ ಹೊತ್ತನ್ನು ನೀವು ಹೊಲಿಗೆಗೆ ಕೊಟ್ಟಿರಿ. ಈ ಸಲ ದಿನಕ್ಕೆ ಹತ್ತು ನಿಮಿಷ ಹೆಗಲಿಗೆ ಕೊಡಿ. ಫಿನ್‌ಲೆಂಡಿನಲ್ಲಿ ದೀರ್ಘಕಾಲದ ಕುತ್ತಿಗೆ ನೋವಿದ್ದ 180 ಮಹಿಳಾ ಉದ್ಯೋಗಿಗಳ ಮೇಲೆ ಒಂದು ವರ್ಷ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಸ್ಟ್ರೆಚಿಂಗ್ ಮತ್ತು ಓಡಾಟದ ಸಲಹೆ ಪಡೆದವರಿಗಿಂತ ಕುತ್ತಿಗೆ ಹೆಗಲಿಗೆ ಬಲ ತುಂಬುವ ವ್ಯಾಯಾಮ ಮಾಡಿದವರ ನೋವು ಬಹಳ ಇಳಿಯಿತು. ಅಷ್ಟು ಹೊತ್ತು ಎಲ್ಲಿ ಸಿಗುತ್ತದೆ ಎನ್ನುವವರಿಗೆ ಡೆನ್ಮಾರ್ಕಿನವರ 2011ರ ಅಧ್ಯಯನ ಹೇಳುತ್ತೇನೆ. ರಬ್ಬರ್ ಪಟ್ಟಿ ಹಿಡಿದು ತೋಳು ಎತ್ತುವ ವ್ಯಾಯಾಮ, ದಿನಕ್ಕೆ ಬರೀ 2 ನಿಮಿಷ, ವಾರಕ್ಕೆ 5 ದಿನ, 10 ವಾರ. ಅಷ್ಟಕ್ಕೇ ನೋವು ಇಳಿಯಿತು.

ನೀವು ಹೀಗೆ ಶುರು ಮಾಡಬಹುದು. ಎರಡು ಕೈಯಲ್ಲೂ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು, ತೋಳನ್ನು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ, ಹೆಗಲಿನ ಎತ್ತರದವರೆಗೆ ನಿಧಾನವಾಗಿ ಎತ್ತಿ ಇಳಿಸಿ. ಹತ್ತು ಹನ್ನೆರಡು ಸಲ. ಎರಡು ವಾರದ ಮೇಲೆ ಒಂದು ಲೀಟರಿನ ಬಾಟಲಿ. ಗೋಡೆಗೆ ಕೈಯೂರಿ ಮಾಡುವ ದಂಡ ಹತ್ತು. ಇನ್ನೊಂದು, ಅಂಗಾತ ಮಲಗಿ ತಲೆಯಡಿ ಮಡಿಸಿದ ಟವೆಲ್ ಇಟ್ಟು, ಯಾರಿಗೂ ಗೊತ್ತಾಗದ ಹಾಗೆ ಹೂಂಗುಟ್ಟುವಷ್ಟು ಮಾತ್ರ ಗದ್ದವನ್ನು ಒಳಕ್ಕೆ ತಂದು 10 ಸೆಕೆಂಡು ಹಿಡಿಯಿರಿ. ತಲೆ ಎತ್ತಬಾರದು, ಕುತ್ತಿಗೆಯ ಮುಂದಿನ ನರದಂತೆ ಕಾಣುವ ಸ್ನಾಯುಗಳು ಉಬ್ಬಬಾರದು. ನೋಡಲು ಏನೂ ಇಲ್ಲದ ವ್ಯಾಯಾಮ, ಮಾಡಿದವರಿಗೆ ಗೊತ್ತು ಎಷ್ಟು ಕಷ್ಟ ಎಂದು. ಮಾಡುವಾಗ ಸ್ವಲ್ಪ ನೋವು ಬಂದು ಮಾರನೆಯ ದಿನಕ್ಕೆ ಇಳಿದರೆ ಸರಿ. ಇಳಿಯದಿದ್ದರೆ ಭಾರ ಕಡಿಮೆ ಮಾಡಿ, ನಿಲ್ಲಿಸಬೇಡಿ.

ಮಷಿನ್ ಮುಂದೆ ಸ್ಟೂಲ್ ತೆಗೆದು ಒರಗುವ ಕುರ್ಚಿ ಹಾಕಿ. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಹೆಗಲು ಕಿವಿಯ ಕಡೆಗೆ ಏರಬಾರದು. ಬೇಕಾದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಕುಚ್ಚನ್ನು ತೊಡೆಯ ಮೇಲೆ ಕಟ್ಟಬೇಡಿ. ಸೆರಗನ್ನು ಎದೆಯ ಮಟ್ಟದಲ್ಲಿ ಒಂದು ಸ್ಟ್ಯಾಂಡಿಗೋ ಎತ್ತರದ ಮೇಜಿನ ಅಂಚಿಗೋ ಕ್ಲಿಪ್ ಹಾಕಿ, ಮೊಣಕೈಗೆ ಆಸರೆ ಸಿಗುವಂತೆ ಕೂತುಕೊಳ್ಳಿ. ಒಂದೇ ಬಗೆಯ ಕೆಲಸ ಇಡೀ ದಿನ ಬೇಡ. ಬೆಳಿಗ್ಗೆ ನಿಂತು ಕಟಿಂಗ್, ಆಮೇಲೆ ಮಷಿನ್, ನಡುವೆ ಇಸ್ತ್ರಿ, ಕುಚ್ಚು ಸಂಜೆಯ ಬೆಳಕು ಇರುವಾಗ ಹೀಗೆ ಹಂಚಿಕೊಂಡರೆ ಹೆಗಲಿಗೆ ಕೆಲಸವೂ ಬದಲಾಗುತ್ತದೆ. ಬಾಬಿನ್ ದಾರ ಮುಗಿದಾಗಲೆಲ್ಲ ಎದ್ದು ಎರಡು ಹೆಜ್ಜೆ ನಡೆಯುವುದು ಅಲಾರಾಂ ಇಟ್ಟುಕೊಳ್ಳುವುದಕ್ಕಿಂತ ನಿಮಗೆ ಸುಲಭ.

ನಾನಾಗಿದ್ದರೆ ನಿಮಗೆ ವಾರಕ್ಕೆ ಎರಡು ಸಲದಂತೆ ಮೂರು ವಾರ ಕೈಚಿಕಿತ್ಸೆ ಮಾಡಿ, ಮೊದಲ ದಿನದಿಂದಲೇ ವ್ಯಾಯಾಮ ಶುರು ಮಾಡಿಸುತ್ತಿದ್ದೆ. ನೋವು ಅರ್ಧವೂ ಇಳಿಯದಿದ್ದರೆ ಆಗ ಸೂಜಿಯ ಮಾತು, ಅದೂ ನೀವು ಒಪ್ಪಿದರೆ. ವ್ಯಾಯಾಮದ ಫಲ ಕಾಣಲು ಆರರಿಂದ ಹತ್ತು ವಾರ ಬೇಕು. ಮೊದಲು ನೋವು ಬರುವ ದಿನಗಳು ಕಡಿಮೆಯಾಗುತ್ತವೆ, ನೋವಿನ ತೀವ್ರತೆ ಇಳಿಯುವುದು ಆಮೇಲೆ. ಸೀಸನ್ನಿನ ಕೊನೆಯ ವಾರ ಒಮ್ಮೊಮ್ಮೆ ತಲೆಯೆತ್ತಬಹುದು, ಅದಕ್ಕೆ ಹೆದರಿ ಎಂಆರ್‌ಐ ಮಾಡಿಸಲು ಓಡಬೇಡಿ. ಹತ್ತು ವಾರ ನಿಯತ್ತಾಗಿ ಮಾಡಿಯೂ ಏನೂ ಬದಲಾಗದಿದ್ದರೆ, ಅಥವಾ ನಡುವೆ ಎಂದಾದರೂ ಕೈಗೆ ಜೋಮು ಇಳಿದರೆ, ಮೂಳೆ ತಜ್ಞರನ್ನೋ ನರರೋಗ ತಜ್ಞರನ್ನೋ ಕಾಣಿ. ಹೋಗುವಾಗ ಹಳೆಯ ಎಕ್ಸ್‌ರೇಯ ಜೊತೆಗೆ ಯಾವ ವ್ಯಾಯಾಮ, ಎಷ್ಟು ವಾರ ಮಾಡಿದಿರಿ ಎಂದು ಬರೆದ ಚೀಟಿಯನ್ನೂ ಒಯ್ಯಿರಿ.